ಅಪ್ಪನಿಗೆ ಕೊಡಬೇಕಿದ್ದ ಪಾಲು

ನಮ್ಮ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ‘ನಕ್ಷೆ’ ಎಂದು. ಊರಿನ ಯಾವ ಗಲ್ಲಿ ಎಲ್ಲಿ ತಿರುಗುತ್ತದೆ, ಯಾವ ರಸ್ತೆ ಮುಂದೆ ಹೋಗಿ ಗೋಡೆಗೆ ಮುಖ ಕೊಡುತ್ತದೆ, ಯಾವ ಆಸ್ಪತ್ರೆಯ ಹಿಂದಿನ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಫೋನು ಮಾಡಿದವರು ಗಾಬರಿಯಲ್ಲಿ ತಮ್ಮ ಮನೆಯ ವಿಳಾಸವನ್ನೇ ಮರೆತು, ಹಸಿರು ಗೇಟು, ಪಕ್ಕದಲ್ಲೊಂದು ಮರ ಎಂದು ತೊದಲಿದರೂ ಇವಳು ಎರಡು ಪ್ರಶ್ನೆ ಕೇಳಿ ಗಾಡಿಯನ್ನು ಸರಿಯಾಗಿ ಆ ಹಸಿರು ಗೇಟಿನ ಮುಂದೆಯೇ ನಿಲ್ಲಿಸುತ್ತಿದ್ದಳು. ತಮಾಷೆಯೆಂದರೆ ಆರು ವರ್ಷದಲ್ಲಿ ಅವಳು ಆ ಗಲ್ಲಿಗಳಲ್ಲಿ ಒಂದಕ್ಕೂ ಕಾಲಿಟ್ಟವಳಲ್ಲ. ಎಲ್ಲವನ್ನೂ ಕಂಡದ್ದು ಕಂಪ್ಯೂಟರ್ ಪರದೆಯ ಮೇಲೆ, ಕುರ್ಚಿಯಲ್ಲಿ ಕೂತು.

ನಾನು ಅವಳ ಪಕ್ಕದ ಕುರ್ಚಿಯವಳು. ಬಾಡಿಗೆಯ ಕೋಣೆಯಲ್ಲೂ ಅವಳ ಪಕ್ಕದ ಮಂಚ ನನ್ನದೇ. ಆರು ವರ್ಷ ಅವಳು ತಿಂದದ್ದನ್ನೆಲ್ಲ ನಾನೂ ತಿಂದಿದ್ದೇನೆ. ಹಾಗಾಗಿ ಈ ಕತೆ ಹೇಳಬೇಕಾದವಳು ನಾನೇ.

ನಮ್ಮದು ಕೂತು ಮಾಡುವ ಕೆಲಸ. ಒಂದು ಉದ್ದನೆಯ ಕೋಣೆ, ಹದಿನಾಲ್ಕು ಮೇಜು, ಕಿಟಕಿಗಳು ಸದಾ ಮುಚ್ಚಿದವು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಎಂಟು ಗಂಟೆ, ಜನ ಕಡಿಮೆಯಿದ್ದ ದಿನ ಹನ್ನೆರಡು ಗಂಟೆ. ಮಧ್ಯೆ ಏಳಬೇಕೆಂದರೆ ಕೈ ಎತ್ತಿ ಮೇಲ್ವಿಚಾರಕರಿಗೆ ತೋರಿಸಬೇಕು, ಅವರು ತಲೆಯಾಡಿಸಬೇಕು. ಪಾಳಿ ವಾರಕ್ಕೊಮ್ಮೆ ಬದಲು; ಈ ವಾರ ಬೆಳಗಿನದು, ಮುಂದಿನ ವಾರ ಮಧ್ಯಾಹ್ನದ್ದು, ಅದರ ಮುಂದಿನ ವಾರ ರಾತ್ರಿಯದು. ನಿದ್ದೆಗೆ ನಮ್ಮ ವಿಳಾಸ ಗೊತ್ತಿರಲಿಲ್ಲ ಎಂದು ನಾವೇ ನಗುತ್ತಿದ್ದೆವು. ಆಫೀಸಿನ ವ್ಯಾನು ಮನೆಯ ಗೇಟಿನಲ್ಲಿ ಹತ್ತಿಸಿಕೊಂಡು ಆಫೀಸಿನ ಗೇಟಿನಲ್ಲಿ ಇಳಿಸುತ್ತಿತ್ತು. ಅಲ್ಲೂ ಲಿಫ್ಟು, ಇಲ್ಲೂ ಲಿಫ್ಟು.

ಇನ್ನು ಊಟದ ವಿಷಯ ಕೇಳಲೇಬೇಡಿ. ನಮ್ಮ ಆರನೇ ಮಹಡಿಯ ಕೋಣೆಯಲ್ಲಿ ಒಲೆ ಇಡಲು ಕಟ್ಟೆ ಇತ್ತು, ಒಲೆ ಇರಲಿಲ್ಲ. ನೀರು ಕಾಯಿಸುವ ಕೆಟಲ್ ಒಂದೇ ನಮ್ಮ ಅಡುಗೆಮನೆ. ಕಪ್ಪಿನ ನೂಡಲ್ಸ್‌ಗೆ ಬಿಸಿನೀರು ಸುರಿದರೆ ತಿಂಡಿಯಾಯಿತು, ಫೋನಿನ ಮೇಲೆ ಬೆರಳಾಡಿಸಿದರೆ ಊಟ ಬಾಗಿಲಿಗೆ ಬಂತು. ಆಫೀಸಿನ ಮೂಲೆಯಲ್ಲಿ ಕಾಫಿ ಕೊಡುವ ಒಂದು ಯಂತ್ರ, ಅದರ ಪಕ್ಕದಲ್ಲಿ ಬಿಸ್ಕತ್ತು, ಚಿಪ್ಸು, ತಂಪು ಪಾನೀಯಗಳನ್ನು ಉದುರಿಸುವ ಇನ್ನೊಂದು. ಕೆಟ್ಟ ಕರೆಯೊಂದು ಮುಗಿದ ಕೂಡಲೇ ನಮ್ಮ ಕಾಲುಗಳು ತಾವಾಗಿಯೇ ಆ ಮೂಲೆಗೆ ಹೋಗುತ್ತಿದ್ದವು. ಒಬ್ಬ ಮುದುಕಿ, ಇವಳು ಹೇಳಿಕೊಟ್ಟಂತೆ ಗಂಡನ ಎದೆ ಒತ್ತುತ್ತಾ ಒತ್ತುತ್ತಾ, ಫೋನಿನಲ್ಲೇ ಅವನನ್ನು ಕಳೆದುಕೊಂಡ ದಿನ, ಇವಳು ಕ್ರೀಮ್ ಬಿಸ್ಕತ್ತಿನ ಮೂರು ಪ್ಯಾಕೆಟ್ಟು ಒಂದಾದ ಮೇಲೊಂದು ಖಾಲಿ ಮಾಡಿದಳು. ನಾಲ್ಕನೆಯದನ್ನು ನಾನು ತಂದುಕೊಟ್ಟೆ. ಅದನ್ನು ಆಗ ಪ್ರೀತಿ ಎಂದುಕೊಂಡಿದ್ದೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಅವಳು ಫ್ಯಾನು ಜೋರಾಗಿ ಹಾಕಿದರೆ ಹಾರಿಹೋಗುವ ಹಾಗಿದ್ದಳು. ಇಪ್ಪತ್ತೆಂಟಕ್ಕೆ ಎಂಬತ್ತನಾಲ್ಕು ಕಿಲೋ. ನಮಗದು ಕಾಯಿಲೆಯಾಗಿ ಕಾಣಲೇ ಇಲ್ಲ, ಯಾಕೆಂದರೆ ಆ ಕೋಣೆಯ ಹದಿನಾಲ್ಕು ಜನರಲ್ಲಿ ಹತ್ತು ಜನ ಹಾಗೇ ಇದ್ದೆವು. ಅವಳ ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗುತ್ತಾ ಬಂದಾಗ, ಬಿಸಿಲಿಗೆ ಹೀಗಾಗಿದೆ ಎಂದಳು. ಬಿಸಿಲಿನ ಮುಖ ನೋಡಿ ಎಷ್ಟು ದಿನವಾಗಿತ್ತೋ ಅವಳಿಗೇ ಗೊತ್ತಿಲ್ಲ. ಊಟವಾದ ಮೇಲೆ ರೆಪ್ಪೆ ಎಳೆದುಕೊಂಡು ಹೋಗುತ್ತಿತ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಎಲ್ಲವನ್ನೂ ಪಾಳಿಯ ತಲೆಗೆ ಕಟ್ಟಿ ಸುಮ್ಮನಿದ್ದೆವು.

ಅವಳಪ್ಪ ಮನೆಗಳಿಗೆ ಬಣ್ಣ ಹೊಡೆಯುವವರು. ಬಸ್ಸಿನಲ್ಲಿ ಐದು ಗಂಟೆಯ ದಾರಿಯ ಸಣ್ಣ ಪಟ್ಟಣದಲ್ಲಿ ಮನೆ. ಐವತ್ತಮೂರು ವರ್ಷ, ಒಂದು ಹಿಡಿ ಹೆಚ್ಚು ಮಾಂಸವಿಲ್ಲದ ಮೈ, ಉಗುರಿನ ಸಂದಿಯಲ್ಲಿ ಯಾವಾಗಲೂ ಯಾವುದೋ ಮನೆಯ ಬಣ್ಣ. ಕುಡಿತವಿಲ್ಲ, ಸಿಗರೇಟಿಲ್ಲ, ಮಾತು ಮಾತ್ರ ಜಾಸ್ತಿ. ಮಗಳಿಗೆ ಕೂತು ಮಾಡುವ ಕೆಲಸ ಸಿಕ್ಕಿತು ಎಂದು ಅವರು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಏಣಿ ಹತ್ತುವಂತಿಲ್ಲ, ಬಿಸಿಲಿಲ್ಲ, ತಲೆಯ ಮೇಲೆ ತಂಪು ಗಾಳಿ, ಇನ್ನೇನು ಬೇಕು. ವರ್ಷಕ್ಕೆ ಎರಡು ಸಲ ನಮ್ಮ ಕೋಣೆಗೆ ಬರುವರು. ಬಂದವರು ಮೊದಲು ಗೋಡೆ ನೋಡುವರು, ಯಾವನೋ ಕಣ್ಣು ಮುಚ್ಚಿಕೊಂಡು ಬಳಿದಿದ್ದಾನೆ ಎಂದು ಮೂಗು ಮುರಿಯುವರು, ಆಮೇಲೆ ಮಗಳನ್ನು ನೋಡಿ, ಮೈ ಕೈ ತುಂಬಿಕೊಂಡಿದೆ, ಈ ಊರು ಒಗ್ಗಿದೆ ಎಂದು ಖುಷಿಪಡುವರು.

ಒಂದು ಭಾನುವಾರ ಅವರು ಫೋನು ಮಾಡಿ, ತಮ್ಮ ಕಣ್ಣು ಹಳದಿಯಾಗಿದೆ ಎಂದು ಮಗಳಿಗೆ ತಮಾಷೆಯಾಗಿಯೇ ಹೇಳಿದರು.

“ನಿಂಬೆ ಹಳದಿ ಅಲ್ಲ ಮರಿ. ಸ್ವಲ್ಪ ಕಾವಿ ಬೆರೆಸಿದ ಹಳದಿ. ಈ ಬಣ್ಣ ಯಾರೂ ಕೇಳಲ್ಲ, ಡಬ್ಬಿ ತಂದಿಟ್ರೆ ಹಾಗೇ ಉಳ್ಕೊಳುತ್ತೆ.”

ಅವಳು ನಗಲಿಲ್ಲ. ಕಾಲು ಊದಿದೆಯಾ, ಹೊಟ್ಟೆ ಉಬ್ಬಿದೆಯಾ, ಮಲದ ಬಣ್ಣ ಹೇಗಿದೆ ಎಂದು ನಾವು ಕರೆ ಬಂದವರನ್ನು ಕೇಳುವ ದನಿಯಲ್ಲೇ ಒಂದೊಂದಾಗಿ ಕೇಳಿದಳು. ಮೂರನೇ ದಿನಕ್ಕೆ ಅಪ್ಪ ಅಮ್ಮ ಇಬ್ಬರನ್ನೂ ಇಲ್ಲಿಯ ದೊಡ್ಡ ಆಸ್ಪತ್ರೆಗೆ ಕರೆಸಿಕೊಂಡಳು. ಲಿವರ್ ಕುಗ್ಗಿ ಗಟ್ಟಿಯಾಗಿದೆ, ಯಾವ ಕಾಲದಲ್ಲೋ ಮೈಗೆ ಹೊಕ್ಕ ವೈರಸ್ಸು ಸದ್ದಿಲ್ಲದೆ ತಿಂದುಹಾಕಿದೆ, ಔಷಧಿಯಲ್ಲಿ ದಿನ ದೂಡಬಹುದು ಅಷ್ಟೇ ಎಂದರು ಡಾಕ್ಟರು. ಉಳಿದ ದಾರಿ ಒಂದೇ. ಮನೆಯವರಲ್ಲಿ ಯಾರಾದರೂ ತಮ್ಮ ಲಿವರಿನ ಒಂದು ಪಾಲು ಕೊಡಬೇಕು. ಕೊಟ್ಟವರಲ್ಲಿ ಅದು ಮತ್ತೆ ಬೆಳೆದುಕೊಳ್ಳುತ್ತದೆ. ಸತ್ತವರಿಂದ ಸಿಗುವ ಲಿವರಿಗೆ ಹೆಸರು ಬರೆಸಬಹುದಿತ್ತು, ಆದರೆ ಆ ಸಾಲು ಬಲು ಉದ್ದ. ಅಮ್ಮನ ರಕ್ತದ ಗುಂಪು ಹೊಂದಲಿಲ್ಲ. ಅಣ್ಣ ತಮ್ಮ ಅಕ್ಕ ತಂಗಿ ಇವಳಿಗಿಲ್ಲ. ಇವಳ ಗುಂಪು ಹೊಂದಿತು.

ಅಪ್ಪ ಒಪ್ಪಲಿಲ್ಲ. ಮಗಳ ಹೊಟ್ಟೆ ಕುಯ್ಯಿಸಿ ಬದುಕುವಷ್ಟು ನನಗೇನು ಬಾಕಿ ಇದೆ ಎಂದು ಎರಡು ದಿನ ಮುಖ ತಿರುಗಿಸಿಕೊಂಡು ಕೂತರು. ಮೂರನೇ ದಿನ ಅವಳು ಅವರ ಮಂಚದ ಅಂಚಿನಲ್ಲಿ ಕೂತು ಹೇಳಿದಳಂತೆ:

“ಇದು ನಿನ್ನಿಂದಲೇ ಬಂದಿದ್ದು ತಾನೇ ಅಪ್ಪ?”

“ಕೊಟ್ಟಿದ್ದನ್ನ ವಾಪಸ್ ಕೇಳೋ ಪೈಕಿ ಅಲ್ಲ ನಾನು.”

“ನೀನು ಕೇಳ್ತಿಲ್ಲ. ನಾನು ಕೊಡ್ತಿದೀನಿ. ಸುಮ್ನಿರು.”

ಸುಮ್ಮನಾದರು. ಪರೀಕ್ಷೆಗಳು ಶುರುವಾದವು. ಅವಳಿಗೆ ಒಂದೇ ಹೆದರಿಕೆ ಇದ್ದದ್ದು, ನೋವು ತಡೆದುಕೊಳ್ಳುತ್ತೇನೋ ಇಲ್ಲವೋ ಎಂದು. ಉಳಿದ ವಿಷಯದಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ವಯಸ್ಸು ಇಪ್ಪತ್ತೆಂಟು, ಜ್ವರ ಬಂದು ಮಲಗಿದ್ದು ಕೂಡ ನೆನಪಿಲ್ಲ.

ಫಲಿತಾಂಶದ ದಿನ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಐವತ್ತರ ಆಸುಪಾಸಿನವರು, ಮಾತು ನಿಧಾನ. ಸ್ಕ್ಯಾನಿನ ಚಿತ್ರ ಪರದೆಯ ಮೇಲಿತ್ತು. ಅದು ಅಪ್ಪನ ಚಿತ್ರ ಎಂದುಕೊಂಡು ಅವಳು, ಇಷ್ಟು ಹಾಳಾಗಿದೆಯಾ ಎಂದು ಕೇಳಿದಳು.

“ಇದು ನಿಮ್ದಮ್ಮ” ಎಂದರು ಅವರು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಲಿವರಿನ ಮೂರರಲ್ಲೊಂದು ಪಾಲು ಕೊಬ್ಬೇ ತುಂಬಿದೆ, ರಕ್ತದ ಸಕ್ಕರೆ ಅಂಚಿಗೆ ಬಂದು ನಿಂತಿದೆ.

“ನಾನು ಕುಡಿಯಲ್ಲ ಡಾಕ್ಟ್ರೇ. ಒಂದು ತೊಟ್ಟೂ ಮುಟ್ಟಿಲ್ಲ.”

“ಗೊತ್ತಮ್ಮ. ಕುಡೀಲೇಬೇಕು ಅಂತೇನಿಲ್ಲ. ಕೂತಲ್ಲೇ ಕೂತು, ಸಿಕ್ಕಿದ್ದನ್ನ ತಿಂದು, ನಿದ್ದೆ ಕೆಟ್ರೂ ಬರುತ್ತೆ. ಈ ವರ್ಷ ಅಪ್ಪಂಗೆ, ಅಣ್ಣಂಗೆ ಕೊಡ್ತೀನಿ ಅಂತ ಬಂದ ಹುಡುಗ ಹುಡುಗೀರಲ್ಲಿ ನೀವು ಐದನೆಯವರು.”

ಇಂಥ ಲಿವರನ್ನು ಕತ್ತರಿಸಿ ಕೊಟ್ಟರೆ ಅಪ್ಪನ ಒಳಗೆ ಹೋದ ಪಾಲೂ ಕೆಲಸ ಮಾಡದೇ ಹೋಗಬಹುದು, ಇವಳಲ್ಲಿ ಉಳಿದ ಪಾಲೂ ಕೈಕೊಡಬಹುದು. ಆದರೆ ಕೊಬ್ಬು ಇಳಿಯುತ್ತದೆ, ಲಿವರ್ ಬೇಗ ಕ್ಷಮಿಸುತ್ತದೆ ಎಂದರು. ದಿನವೂ ಬೆವರು ಬರುವಷ್ಟು ನಡೆಯಬೇಕು, ಸಕ್ಕರೆ ಪೂರ್ತಿ ಬಿಡಬೇಕು, ರಾತ್ರಿ ಮಲಗಬೇಕು. ಹತ್ತು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ. ಉಪವಾಸ ಮಾಡಿ ಬೇಗ ಇಳಿಸುತ್ತೇನೆ ಎಂದು ಹೊರಟರೆ ಲಿವರಿಗೇ ಪೆಟ್ಟು, ಹಾಗೆ ಮಾತ್ರ ಮಾಡಬಾರದು. ಅಪ್ಪನ ಹತ್ತಿರ ಹತ್ತು ವಾರ ಇದೆಯಾ ಎಂದು ಅವಳು ಕೇಳಿದಳು. ಇರಲಿ ಅಂತ ನಾನೂ ಬೇಡಿಕೊಳ್ಳುತ್ತೇನೆ ಎಂದರು ಅವರು.

ಅಪ್ಪನಿಗೆ ಹೇಳಬಾರದು ಎಂದು ಅವಳು ತೀರ್ಮಾನಿಸಿದಳು. ಕಾಗದಪತ್ರಕ್ಕೆ ಸಹಿಗಳು ಬೇಕು, ಎರಡು ತಿಂಗಳು ಹಿಡಿಯುತ್ತದೆ ಎಂದು ಸುಳ್ಳು ಹೇಳಿ ಇಬ್ಬರನ್ನೂ ನಮ್ಮ ಕೋಣೆಗೆ ಕರೆತಂದಳು. ನನ್ನ ಮಂಚ ಅಪ್ಪನಿಗೆ, ಅವಳ ಮಂಚ ಅಮ್ಮನಿಗೆ, ನಾವಿಬ್ಬರು ನೆಲದ ಮೇಲೆ. ಅಮ್ಮನಿಗೆ ಮಾತ್ರ ನಿಜ ಹೇಳಿದಳು. ಅಮ್ಮ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವ ಕೆಲಸದವರು, ಮಾತು ಕಡಿಮೆ. ಬಾಗಿಲ ಆಚೆ ಲಿಫ್ಟಿನ ಮುಂದೆ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ಅಂಥದ್ದೇನು ತಿಂದೆ ನೀನು, ನಿಮ್ಮಪ್ಪಂಗೆ ಒಂದು ತುಂಡೂ ಉಳೀದ ಹಾಗೆ?”

ಲಿಫ್ಟು ಬಂದು, ಬಾಗಿಲು ತೆರೆದು, ಯಾರೂ ಹತ್ತದೇ ಇದ್ದುದರಿಂದ ಮತ್ತೆ ಮುಚ್ಚಿಕೊಂಡು ಹೋಯಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿನ ಕಡೆ ಹೋದಳು. ಆರು ಮಹಡಿ ಇಳಿದಳು, ಹತ್ತಿ ಬಂದಳು, ಮತ್ತೆ ಇಳಿದಳು. ಅವತ್ತೇ ಶುರು.

ಮೇಲ್ವಿಚಾರಕರು ಒಳ್ಳೆಯವರು, ಮೂರು ತಿಂಗಳು ಬರೀ ಬೆಳಗಿನ ಪಾಳಿ ಕೊಟ್ಟರು. ಅವಳ ರಾತ್ರಿಗಳನ್ನು ನಾನು ಹೊತ್ತುಕೊಂಡೆ. ಕೆಲಸ ಮುಗಿಸಿ ಅವಳು ವ್ಯಾನು ಹತ್ತುತ್ತಿರಲಿಲ್ಲ, ಒಂಬತ್ತು ಕಿಲೋಮೀಟರು ನಡೆದೇ ಬರುತ್ತಿದ್ದಳು. ಮೊದಲ ವಾರ ಹಿಮ್ಮಡಿಯ ಚರ್ಮ ಕಿತ್ತುಬಂತು, ಮಂಡಿ ಊದಿತು. ನನಗೆ ರಜೆಯಿದ್ದ ದಿನ ಜೊತೆಗೆ ಹೋಗುತ್ತಿದ್ದೆ. ಆಗ ನೋಡಬೇಕಿತ್ತು ಅವಳನ್ನು. ಪ್ರತಿ ಗಲ್ಲಿಯ ಹೆಸರೂ ಗೊತ್ತು, ಯಾವುದರ ಮುಖವೂ ಪರಿಚಯವಿಲ್ಲ. ಒಂದು ಔಷಧಿ ಅಂಗಡಿಯ ಮುಂದೆ ನಿಂತು, ಇಲ್ಲೇ ಒಬ್ಬಾತ ಬೈಕಿನಿಂದ ಬಿದ್ದಿದ್ದು, ಉಳಿದುಕೊಂಡ ಎಂದಳು. ಇನ್ನೊಂದು ಕಡೆ ಎರಡನೇ ಮಹಡಿಯ ಕಿಟಕಿ ತೋರಿಸಿ, ಆ ಮುದುಕಿಯ ಮನೆ ಇದೇ ಇರಬೇಕು ಎಂದಳು. ಕಿಟಕಿಯಲ್ಲಿ ಬಟ್ಟೆ ಒಣಗುತ್ತಿತ್ತು. ಎಲ್ಲ ಒಬ್ಬರದೇ ಬಟ್ಟೆ. ಅವಳು ಬಹಳ ಹೊತ್ತು ನೋಡಿ, ನಡಿ ಹೋಗೋಣ ಎಂದಳು.

ಅಮ್ಮ ಒಂದು ಒಲೆ ಕೊಂಡುತಂದರು. ಲಿಫ್ಟಿನ ಮುಂದೆ ಆಡಿದ ಮಾತಿನ ಬಗ್ಗೆ ತಾಯಿ ಮಗಳು ಮತ್ತೆ ಬಾಯಿ ಬಿಡಲಿಲ್ಲ, ಆದರೆ ದಿನವೂ ಬೆಳಗ್ಗೆ ಐದಕ್ಕೆ ಎದ್ದು ಮಗಳ ಡಬ್ಬಿಗೆ ಬೇಯಿಸಿದ ತರಕಾರಿ, ಕಾಳು, ಎರಡು ಮೊಟ್ಟೆ ತುಂಬಿಡುತ್ತಿದ್ದರು. ಸಕ್ಕರೆ ಬಿಟ್ಟ ಮೊದಲ ಹತ್ತು ದಿನ ಅವಳಿಗೆ ತಲೆ ಸಿಡಿದುಹೋಗುವಂಥ ನೋವು. ಕರೆಗಳ ನಡುವೆ ಬಿಸ್ಕತ್ತಿನ ಯಂತ್ರದ ಕಡೆ ಬೆನ್ನು ತಿರುಗಿಸಿ ಕೂರಲು ಮೇಜನ್ನೇ ಬದಲಾಯಿಸಿಕೊಂಡಳು. ಎಂಬತ್ತನಾಲ್ಕು ಎಂಬತ್ತೊಂದಾಯಿತು, ಎಪ್ಪತ್ತೊಂಬತ್ತಾಯಿತು. ಐದನೇ ವಾರ ತಕ್ಕಡಿಯ ಮುಳ್ಳು ಅಲ್ಲಾಡಲೇ ಇಲ್ಲ. ಆ ವಾರ ಅವಳು ನಮಗೆ ಗೊತ್ತಾಗದ ಹಾಗೆ ಡಬ್ಬಿಯ ಊಟವನ್ನು ಸಹೋದ್ಯೋಗಿಗಳಿಗೆ ಹಂಚಿಬಿಟ್ಟು ಬರೀ ನೀರು ಕುಡಿದು ಎರಡು ದಿನ ತಳ್ಳಿದಳು. ಮೂರನೇ ದಿನ ದಾರಿಯಲ್ಲಿ ಕಣ್ಣಿಗೆ ಕತ್ತಲೆ ಬಂದು ಕಾಲುದಾರಿಯ ಮೇಲೆ ಕುಸಿದಳು. ಡಾಕ್ಟರು ಅವಳನ್ನು ಕರೆಸಿ, ಹೀಗೆ ಮಾಡಿದರೆ ಹತ್ತು ವಾರ ಇಪ್ಪತ್ತಾಗುತ್ತದೆ ಎಂದು ಗದರಿದರು. ಆಮೇಲೆ ಅಮ್ಮ ಮಧ್ಯಾಹ್ನ ಫೋನು ಮಾಡಿ, ಅವಳು ಅಗಿಯುವ ಸದ್ದು ಕೇಳಿಸಿಕೊಂಡೇ ಇಡುತ್ತಿದ್ದರು.

ಅಪ್ಪ ಇಳಿಯುತ್ತಿದ್ದರು ಬೇರೆ ಥರ. ಕೈ ಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಬಿಗಿದಿತ್ತು. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ನೀರು ತೆಗೆಸಬೇಕು. ಕೆಲವು ದಿನ ಮಾತು ತಪ್ಪುತ್ತಿತ್ತು, ನನ್ನನ್ನು ಎಂದೋ ತೀರಿಹೋದ ತಮ್ಮ ತಂಗಿ ಎಂದುಕೊಂಡು ಮಾತಾಡುತ್ತಿದ್ದರು. ತಿಳಿವಿದ್ದ ದಿನ ಅವರ ಕಣ್ಣು ಚುರುಕು. ಏಳನೇ ವಾರದ ಒಂದು ಸಂಜೆ, ಅವಳು ಬೆವರಿಕೊಂಡು ಒಳಗೆ ಬಂದಾಗ, ಅವರು ದಿಂಬಿಗೆ ಒರಗಿ ಕೂತಿದ್ದರು.

“ಕೆನ್ನೆ ಮೂಳೆ ಕಾಣ್ತಿದೆ ನಿಂಗೆ. ಸಹಿ ಹಾಕ್ಸೋಕೆ ಇಷ್ಟು ಇಳೀಬೇಕಾ?”

ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು: ಪರದೆಯ ಮೇಲಿನ ಚಿತ್ರ, ಮೂರರಲ್ಲೊಂದು ಪಾಲು, ಹತ್ತು ವಾರ. ಹೇಳುವಾಗ ಅವರ ಮುಖ ನೋಡದೆ ಮಂಚದ ಕಾಲನ್ನೇ ನೋಡುತ್ತಿದ್ದಳು. ಅಮ್ಮ ಒಲೆಯ ಕಡೆ ತಿರುಗಿ ನಿಂತರು. ಅಪ್ಪ ಬೈಯಬಹುದು, ಅಳಬಹುದು ಎಂದು ನಾನು ಕಾದೆ. ಅವರು ನಮ್ಮ ಗೋಡೆಯ ಕಡೆ ಕೈ ಮಾಡಿದರು.

“ಒದ್ದೆ ಗೋಡೆಗೆ ಬಣ್ಣ ಹಚ್ಚಿದ್ರೆ ನಿಲ್ಲಲ್ಲ, ಸುಲಿದು ಬರುತ್ತೆ. ಒಣಗೋವರೆಗೆ ಕೂತಿರ್ಬೇಕು. ಎಷ್ಟು ಮನೇಲಿ ಕೂತಿಲ್ಲ ನಾನು? ಕೂತಿರ್ತೀನಿ ಬಿಡು.”

ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, ಮೈ ತುಂಬಿಕೊಂಡಿದೆ ಅಂತ ಸಂತೋಷಪಟ್ಟವನು ನಾನೇ ಅಲ್ವಾ, ನಂಗೂ ಗೊತ್ತಾಗಲಿಲ್ಲ ನೋಡು ಎಂದರು.

ಎಂಟೂವರೆ ವಾರಕ್ಕೆ ಅವಳು ಎಪ್ಪತ್ತಮೂರಕ್ಕೆ ಬಂದಿದ್ದಳು. ಇನ್ನು ಕಾಯಲಾರೆ ಎಂದು ಡಾಕ್ಟರನ್ನು ಕಾಡಿ ಬೇಡಿ ಸ್ಕ್ಯಾನ್ ಮಾಡಿಸಿದಳು. ಕೊಬ್ಬು ನೂರಕ್ಕೆ ಆರಕ್ಕೆ ಇಳಿದಿತ್ತು. ಸಕ್ಕರೆ ತನ್ನ ಜಾಗಕ್ಕೆ ಮರಳಿತ್ತು. ಡಾಕ್ಟರು ಎದ್ದು ನಿಂತು ಅವಳ ಕೈ ಕುಲುಕಿದರಂತೆ. ಮುಂದಿನ ಬುಧವಾರ ಬೆಳಗ್ಗೆ ಏಳಕ್ಕೆ ಆಪರೇಷನ್ ಎಂದು ನಿಗದಿಯಾಯಿತು. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ನನಗೆ ಫೋನು ಮಾಡಿದಳು. ಬರೀ ನಗುತ್ತಿದ್ದಳು, ಮಾತೇ ಇಲ್ಲ. ಅವತ್ತು ಅಪ್ಪ ತಮ್ಮ ಹೊಟ್ಟೆ ತಟ್ಟಿಕೊಂಡು, ಹೊಸ ಬಾಡಿಗೆದಾರ ಬರ್ತಿದಾನೆ, ಒಳಗೆ ಜಾಗ ಮಾಡ್ಬೇಕು ಎಂದು ನಮ್ಮನ್ನೆಲ್ಲ ನಗಿಸಿದರು.

ಶನಿವಾರ ನಾನು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ. ಹನ್ನೊಂದರ ಹೊತ್ತಿಗೆ ಅಮ್ಮ ನನ್ನ ಭುಜ ಅಲ್ಲಾಡಿಸಿದರು. ಅಪ್ಪನ ಮೈ ಕೆಂಡದ ಹಾಗೆ ಸುಡುತ್ತಿತ್ತು, ಹೊಟ್ಟೆ ಮುಟ್ಟಿದರೆ ಚೀರುತ್ತಿದ್ದರು, ಎದುರಿಗೆ ಯಾರೂ ಇಲ್ಲದಿದ್ದರೂ, ಏಣಿ ಗಟ್ಟಿಯಾಗಿ ಹಿಡ್ಕೋ, ಜಾರುತ್ತೆ ಎಂದು ಯಾರಿಗೋ ಹೇಳುತ್ತಿದ್ದರು. ನಾನು ನಮ್ಮದೇ ನಂಬರಿಗೆ ಫೋನು ಮಾಡಿದೆ. ಎತ್ತಿದವನು ನಮ್ಮಲ್ಲೇ ಹಿರಿಯನಾದ, ನಾವು ‘ತಾತ’ ಎಂದು ರೇಗಿಸುವ ಸಹೋದ್ಯೋಗಿ. ಅವನು ಕೇಳುವ ಮೊದಲೇ ನಾನು ವಿಳಾಸ, ವಯಸ್ಸು, ಜ್ವರ, ಉಸಿರು ಎಲ್ಲ ಹೇಳಿದೆ. ರೂಢಿಯಂತೆ ಅವನು ವಿಳಾಸವನ್ನು ಗಟ್ಟಿಯಾಗಿ ಪುನಃ ಹೇಳಿದ.

ಎರಡು ಮೇಜಿನ ಆಚೆ ಅವಳಿದ್ದಳು. ಮುಂದಿನದನ್ನು ತಾತನೇ ನನಗೆ ಹೇಳಿದ್ದು. ಅವಳ ಕಿವಿಯಲ್ಲಿ ಒಬ್ಬ ಬಸುರಿ ಹೆಂಗಸಿದ್ದಳು, ಮನೆಯಲ್ಲಿ ಒಬ್ಬಳೇ, ಹೆರಿಗೆ ಶುರುವಾಗಿಬಿಟ್ಟಿತ್ತು. ನಮ್ಮ ಮನೆಯ ವಿಳಾಸ ಕಿವಿಗೆ ಬಿದ್ದಾಗ ಅವಳು ಒಮ್ಮೆ ತಾತನ ಕಡೆ ತಿರುಗಿದಳಂತೆ, ಅಷ್ಟೇ. ದನಿ ಕದಲಲಿಲ್ಲ. ಉಸಿರು ಬಿಡಿ, ಗಾಡಿ ನಿಮ್ಮ ಬೀದಿಗೆ ಬಂತು, ಬಾಗಿಲ ಚಿಲಕ ತೆಗೆದಿದೀರಾ ಎಂದು ಕೇಳುತ್ತಾ ಇನ್ನೂ ನಾಲ್ಕು ನಿಮಿಷ ಆ ಹೆಂಗಸಿನ ಜೊತೆಗೇ ಇದ್ದಳು. ಆ ಮನೆಯ ಬಾಗಿಲು ತೆರೆದ ಸದ್ದು ಕೇಳಿದ ಮೇಲೆ ಹೆಡ್‌ಫೋನ್ ಮೇಜಿನ ಮೇಲಿಟ್ಟು, ಕೈ ಎತ್ತಿ ಯಾರನ್ನೂ ಕೇಳದೆ ಎದ್ದು ಓಡಿದಳು.

ಆಸ್ಪತ್ರೆಯಲ್ಲಿ ನೋಡಿದರೆ ಹೊಟ್ಟೆಯ ನೀರಿಗೆ ಸೋಂಕು ತಗುಲಿ ರಕ್ತಕ್ಕೆ ಏರಿತ್ತು. ಅವಳು ಡಾಕ್ಟರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

“ಬುಧವಾರದವರೆಗೆ ಯಾಕೆ? ಇವತ್ತೇ ತಗೊಳ್ಳಿ. ನಾನು ಬೆಳಗ್ಗೆಯಿಂದ ಏನೂ ತಿಂದಿಲ್ಲ.”

“ನಿಮ್ಮ ಕಡೆಯಿಂದ ಏನೂ ತೊಂದ್ರೆ ಇಲ್ಲಮ್ಮ. ಅವ್ರ ಮೈ ತಡ್ಕೊಳಲ್ಲ. ಈಗ ಮೇಜಿನ ಮೇಲೆ ಮಲಗಿಸಿದ್ರೆ ಅಲ್ಲಿಂದ ಏಳಲ್ಲ. ಸೋಂಕು ಇಳೀಲಿ, ಆಮೇಲೆ ನೋಡೋಣ.”

ಸೋಂಕು ಇಳಿಯಲಿಲ್ಲ. ಭಾನುವಾರ ಮೂತ್ರಪಿಂಡ ನಿಂತಿತು. ಸೋಮವಾರ ಸ್ವಲ್ಪ ಹೊತ್ತು ಅವರಿಗೆ ಎಚ್ಚರ ಬಂತು. ಒಳಗೆ ಒಬ್ಬರನ್ನೇ ಬಿಡುತ್ತಿದ್ದರು, ಅವಳು ಹೋದಳು. ಅವರು ಅವಳ ಹೊಟ್ಟೆಯ ಕಡೆ ನೋಡಿ ಇಷ್ಟೇ ಹೇಳಿದರಂತೆ:

“ಇಟ್ಕೋ. ನಿಂಗೇ ಇರ್ಲಿ.”

ಬುಧವಾರ ಬಂತು. ಆಪರೇಷನ್ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅವಳು ಹಿಂದಿನ ರಾತ್ರಿಯಿಂದ ಹನಿ ನೀರೂ ಕುಡಿಯದೆ, ತಲೆಸ್ನಾನ ಮಾಡಿ, ಉಗುರು ಕತ್ತರಿಸಿಕೊಂಡು, ಬೆಳಗ್ಗೆ ಆರೂವರೆಗೆ ಐಸಿಯು ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತಿದ್ದಳು. ಒಂದು ವೇಳೆ ಕರೆದರೆ ಎಂದು. ಏಳು ಗಂಟೆಯಾಯಿತು, ಎಂಟಾಯಿತು. ಹತ್ತು ಗಂಟೆಗೆ ದಾನಿಗಳ ಉಸ್ತುವಾರಿ ನೋಡುವ ನರ್ಸಮ್ಮ ಬಂದು ಒಂದು ಲೋಟ ನೀರು ಅವಳ ಕೈಗಿಟ್ಟರು. ಅವಳು ಅದನ್ನು ಹಿಡಿದುಕೊಂಡೇ ಕೂತಿದ್ದಳು. ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಅಪ್ಪ ಹೋದರು.

ಅವಳು ಅಳಲಿಲ್ಲ. ಮಾಡಬೇಕಾದ್ದನ್ನೆಲ್ಲ ಮುಂದೆ ನಿಂತು ಮಾಡಿದಳು, ಯಾರ್ಯಾರಿಗೆ ಹೇಳಬೇಕೋ ಹೇಳಿದಳು, ಹದಿನೈದನೇ ದಿನಕ್ಕೆ ಕೆಲಸಕ್ಕೆ ಬಂದಳು. ಅಮ್ಮ ಒಂದು ತಿಂಗಳು ನಮ್ಮ ಜೊತೆಗಿದ್ದರು. ಲಾಂಡ್ರಿಯ ಕೆಲಸಕ್ಕೆ ವಾಪಸು ಹೊರಡುವ ಹಿಂದಿನ ದಿನ, ಪಾತ್ರೆ ತೊಳೆಯುತ್ತಾ, ಅವತ್ತು ನಾನು ಆ ಮಾತು ಆಡಬಾರದಿತ್ತು ಎಂದರು. ಅವಳು, ನಿಜಾನೇ ಹೇಳಿದೆ ಅಮ್ಮ ನೀನು ಎಂದಳು.

“ಏನು ನಿಜ? ನಿನ್ನನ್ನ ಆ ಕುರ್ಚೀಲಿ ಕೂರ್ಸಿದ್ದು ನಾವು. ಸಿಹಿ ಹಂಚಿದ್ವಿ ಅವತ್ತು, ಕೂತು ಮಾಡೋ ಕೆಲಸ ಅಂತ.”

ಅವಳು ಬಂದು ಅಮ್ಮನ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ತೊಳೆದಿಟ್ಟಳು.

ಮತ್ತೆ ಪಾಳಿಗಳು ಬದಲಾಗತೊಡಗಿದವು. ನಡೆಯುವುದನ್ನು ಅವಳು ಬಿಡಲಿಲ್ಲ, ಆದರೆ ರಾತ್ರಿ ಪಾಳಿಯ ವಾರಗಳಲ್ಲಿ ಆಗುತ್ತಿರಲಿಲ್ಲ. ಮೂರು ಕಿಲೋ ವಾಪಸು ಬಂತು, ಎರಡು ಹೋಯಿತು. ಆರು ತಿಂಗಳಿಗೆ ಆಸ್ಪತ್ರೆಯವರು ಕರೆದು ಅವಳ ರಕ್ತ ನೋಡಿದರು, ಎಲ್ಲ ಚೆನ್ನಾಗಿದೆ ಎಂದರು. ಚೆನ್ನಾಗಿದೆಯಂತೆ ಎಂದು ನನಗೆ ಹೇಳಿ ಅವಳು ಚಪ್ಪಲಿ ಮೆಟ್ಟಿಕೊಂಡು ನಡೆಯಲು ಹೋದಳು.

ಅವಳು ಕಾಯಿಲೆಯಿಂದ ಏಳುವುದನ್ನು ಕಣ್ಣಾರೆ ಕಂಡವಳು ನಾನು; ನನ್ನ ಬಗ್ಗೆ ಮಾತ್ರ ಯೋಚಿಸಿರಲಿಲ್ಲ. ಅವಳ ಆ ಮೂರು ತಿಂಗಳ ರಾತ್ರಿಗಳನ್ನು ನಾನು ಸಿಹಿ ಕಾಫಿ, ಬಿಸ್ಕತ್ತಿನ ಮೇಲೆಯೇ ಕಳೆದಿದ್ದೆ. ಅಪ್ಪ ಹೋದ ಏಳನೇ ತಿಂಗಳಲ್ಲಿ, ಬಾಯಾರಿಕೆ ತಡೆಯಲಾಗದೆ, ಯಾರಿಗೂ ಹೇಳದೆ ಹೋಗಿ ಪರೀಕ್ಷೆ ಮಾಡಿಸಿದೆ. ಲಿವರಿನಲ್ಲಿ ಕೊಬ್ಬು, ಸಕ್ಕರೆ ಅಂಚು ದಾಟಿತ್ತು. ನನಗೆ ಮೂವತ್ತೊಂದು. ವರದಿಯನ್ನು ಒಂದು ವಾರ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಒಂದು ಬೆಳಗ್ಗೆ ಅವಳಿಗೆ ಕೊಟ್ಟೆ.

ಎರಡು ಸಲ ಓದಿದಳು. ಮೊದಲ ಪುಟ, ಎರಡನೇ ಪುಟ, ಮತ್ತೆ ಮೊದಲ ಪುಟ.

“ಈಗ ನಿನ್ನಿಂದ ಯಾರಿಗೂ ಏನೂ ಬೇಕಾಗಿಲ್ಲ ಅಲ್ವಾ?” ಎಂದು ಕೇಳಿದಳು.

ಇಲ್ಲ ಎಂದೆ.

“ಹಾಗಾದ್ರೆ ಟೈಮ್ ಇದೆ ಕಣೇ ನಿಂಗೆ. ನಂಗೆ ನಾಲ್ಕೇ ನಾಲ್ಕು ದಿನ ಕಡಿಮೆ ಬಿತ್ತು.”

ಅಷ್ಟು ಹೇಳಿ ವರದಿಯನ್ನು ಮಡಚಲು ಹೋದಳು. ಮಡಚುವ ಬದಲು ಅದನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದಳು. ಏಳು ತಿಂಗಳಿಂದ ಕಟ್ಟಿಕೊಂಡದ್ದೆಲ್ಲ ಒಮ್ಮೆಗೇ ಒಡೆದ ಹಾಗೆ, ಅಪ್ಪಾ ಅಪ್ಪಾ ಎಂದು, ಮೈಯೆಲ್ಲ ಅದುರಿಸಿಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದೆ. ಅವಳು ಇವತ್ತು ಪಾಳಿಗೆ ಬರುವುದಿಲ್ಲ ಎಂದು ಆಫೀಸಿಗೆ ತಿಳಿಸಿದೆ. ಆಮೇಲೆ ಮೆಟ್ಟಿಲ ಹತ್ತಿರ ಹೋಗಿ ಅವಳಮ್ಮನಿಗೆ ಫೋನು ಮಾಡಿ ವಿಷಯ ಹೇಳಿದೆ. ಆ ಕಡೆ ಇಸ್ತ್ರಿಯ ಆವಿಯ ಸದ್ದು ಬರುತ್ತಿತ್ತು, ಅದು ನಿಂತಿತು. ಅವರು, ಅಳಲಿ ಬಿಡು, ತಡೀಬೇಡ, ಸಂಜೆ ಬಸ್ಸಿಗೆ ನಾನೇ ಬರ್ತೀನಿ ಎಂದರು.